ಗಾಡಿ ಮಲಗುವ ಜಾಗ

ಟಕಟಕಟಕಟಕ.

ಮೇಲಿನ ಓಣಿಯಿಂದ ಆ ಸದ್ದು ಇಳಿದು ಬಂದಾಗ ಇನ್ನೂ ಐದು ಗಂಟೆಯಾಗಿರಲಿಲ್ಲ. ಮರಕುಟಿಗ ಒಣಕೊಂಬೆಯನ್ನು ಕುಟ್ಟಿದ ಹಾಗೆ ಒಂದೇ ಉಸಿರಿನಲ್ಲಿ ಹತ್ತು ಹನ್ನೆರಡು ಸಲ. ಸ್ವಲ್ಪ ಸುಮ್ಮನಿದ್ದು ಮತ್ತೆ ಅದೇ. ಓಣಿಯ ಉಳಿದವರಿಗೆ ಅದು ನಿದ್ದೆ ಕೆಡಿಸುವ ಸದ್ದು, ಅಷ್ಟೆ. ಕೆಳತುದಿಯ ಮನೆಯಲ್ಲಿ ಮಲಗಿದ್ದ ಕರೆಂಟಕ್ಕನಿಗೆ ಮಾತ್ರ ಅದು ಮಾತಿನಷ್ಟು ಸ್ಪಷ್ಟ. ಸ್ಟಾರ್ಟರಿಗೆ ಕರೆಂಟು ಬಿಡುವ ರಿಲೇ ಸ್ವಿಚ್ಚು ಬಾಗಿಲು ತೆರೆಯಲು ನೋಡುತ್ತಿದೆ, ತೆರೆದ ಬಾಗಿಲನ್ನು ಹಿಡಿದು ನಿಲ್ಲಿಸುವಷ್ಟು ಕಸುವು ಬ್ಯಾಟರಿಯಲ್ಲಿಲ್ಲ, ಕೈ ಜಾರುತ್ತಿದೆ, ಮತ್ತೆ ತೆರೆಯುತ್ತಿದೆ.

“ಬ್ರೆಡ್ಡಮ್ಮನ ಗಾಡಿ,” ಎಂದಳು ಕಣ್ಣು ಬಿಡದೆಯೇ.

“ಎಷ್ಟನೇ ಸಲ?” ಎಂದ ಪಕ್ಕದಲ್ಲಿದ್ದ ಗಂಡ.

“ಹೊಸ ಬ್ಯಾಟರಿ ಹಾಕಿದ ಮೇಲೆ ನಾಲ್ಕನೇದು. ಬ್ಯಾಟರಿ ಚೆನ್ನಾಗಿದೆ ಕಣ್ರೀ, ಎಲ್ಲೋ ಒಂದು ಕಡೆ ಏನೋ...”

ಮಾತು ಅಲ್ಲಿಗೇ ಬಿತ್ತು. ಅವಳು ಆಗಲೇ ಎದ್ದು ಕಿಟಕಿಯ ಬಳಿ ನಿಂತಿದ್ದಳು.

ಇದು ಅವಳ ಹಳೆಯ ಚಾಳಿ. ಮಾತಾಡುತ್ತಿರುವಾಗ ಎಲ್ಲಾದರೂ ಒಂದು ಸದ್ದು ಕಿವಿಗೆ ಬಿದ್ದರೆ ಸಾಕು, ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಕಾಲು ಅತ್ತ ನಡೆಯುತ್ತದೆ. ಗಂಡ ದರ್ಜಿ, ಮನೆಯ ಮುಂದಿನ ಕೋಣೆಯಲ್ಲೇ ಅವನ ಹೊಲಿಗೆ ಯಂತ್ರ. “ನೀನು ಬಿಟ್ಟುಹೋದ ಅರ್ಧ ಮಾತುಗಳನ್ನೆಲ್ಲ ಆಯ್ದು ಹೊಲಿದಿದ್ರೆ ಇಷ್ಟು ಹೊತ್ತಿಗೆ ಇಬ್ಬರಿಗೂ ಸಾಲುವಷ್ಟು ಹೊದಿಕೆ ಆಗ್ತಿತ್ತು,” ಎನ್ನುವುದು ಅವನ ಮಾತು. ಮದುವೆಯಾದ ಹೊಸದರಲ್ಲಿ ಬೇಸರದಿಂದ ಹೇಳುತ್ತಿದ್ದ. ಹದಿನೆಂಟು ವರ್ಷಗಳ ಮೇಲೆ ಅದೇ ಮಾತನ್ನು ಹೆಮ್ಮೆಯಿಂದ ಹೇಳುತ್ತಾನೆ.

ಕಿಟಕಿಯ ಹೊರಗೆ ಬ್ರೆಡ್ಡಮ್ಮನ ಹಳೆಯ ಕಾರು ಎಂಜಿನ್ನಿನ ಸದ್ದಿಲ್ಲದೆ ಇಳಿಜಾರಿನಲ್ಲಿ ಉರುಳಿಕೊಂಡು ಬಂತು. ಟೈರಿನಡಿ ಕಲ್ಲುಪುಡಿ ಸರಸರ ಎಂದಿತು. ಓಣಿ ಮುಗಿಯುವಲ್ಲಿ ಗೇರು ಬಿದ್ದು ಗಾಡಿ ಒಮ್ಮೆ ಬೆಚ್ಚಿತು, ಕೆಮ್ಮಿತು, ನಿಂತಿತು. ಅರ್ಧ ಗಂಟೆಯ ಮೇಲೆ ಕರೆಂಟಕ್ಕನ ಅಣ್ಣ ಬಂದು, ತನ್ನ ಗಾಡಿಯ ಬ್ಯಾಟರಿಯಿಂದ ತಂತಿ ಎಳೆದು ಅದನ್ನು ಎಬ್ಬಿಸಿ ಕಳಿಸಬೇಕಾಯಿತು. ಹಿಂದಿನ ಸೀಟು ಕಿತ್ತು ಜೋಡಿಸಿದ ಟ್ರೇಗಳಲ್ಲಿ ಬಿಸಿ ಬ್ರೆಡ್ಡು ಅಷ್ಟೂ ಹೊತ್ತು ಬೆವರುತ್ತ ಕುಳಿತಿತ್ತು.

ಕರೆಂಟಕ್ಕ ಹೊರಗೆ ಹೋಗಲಿಲ್ಲ. ಹೋಗುವ ಮುಖ ಅವಳಿಗಿರಲಿಲ್ಲ.

ಗ್ಯಾರೇಜು ಅಣ್ಣನದು. ಎಂಜಿನ್ನು, ಬ್ರೇಕು, ಎಣ್ಣೆ, ಗ್ರೀಸು ಎಲ್ಲ ಅವನ ಪಾಲು. ತಂತಿಯಲ್ಲಿ ಹರಿಯುವುದೆಲ್ಲ ತಂಗಿಯ ಪಾಲು. ಶಾಲೆ ಮುಗಿಸಿದ ವರ್ಷ ಅಣ್ಣನಿಗೆ ಊಟದ ಡಬ್ಬಿ ಕೊಡಲು ಹೋದವಳು, ಎರಡು ದಿನದಿಂದ ಅವನ ತಲೆ ತಿನ್ನುತ್ತಿದ್ದ ಒಂದು ಕಾರಿನ ಪಕ್ಕ ನಿಂತು, “ಅಣ್ಣಾ, ಈ ಕಡೆ ಟಕ್ ಅಂತು, ಆ ಕಡೆ ಅನ್ಲಿಲ್ಲ,” ಎಂದಿದ್ದಳು. ಅಣ್ಣ ಆ ಕಡೆಯ ರಿಲೇ ಬದಲಾಯಿಸಿದ, ದೀಪ ಹತ್ತಿತು. ಅವತ್ತು ಅವನ ಡಬ್ಬಿಯ ಅರ್ಧ ಅವಳೇ ಉಂಡಳು. ಆಮೇಲೆ ಅವಳು ಆ ಗ್ಯಾರೇಜು ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಈಗ ನಲವತ್ತೊಂದು ವಯಸ್ಸು. ಅಣ್ಣನಿಗೆ ಇನ್ನೂ ಪುಟ್ಟಿ.

ಅವಳ ಕೆಲಸಕ್ಕೆ ಅವಳದೇ ರೀತಿಗಳಿದ್ದವು. ಸುಟ್ಟ ಫ್ಯೂಸನ್ನು, ಅದು ಯಾಕೆ ಸುಟ್ಟಿತೆಂದು ತಿಳಿಯುವವರೆಗೆ ಬದಲಾಯಿಸುವುದಿಲ್ಲ. ಗಿರಾಕಿ ಎಷ್ಟೇ ಅವಸರ ಮಾಡಲಿ, ಮೊದಲು ಗಾಡಿಯೊಳಗೆ ಕುಳಿತು ಬಾಗಿಲು ಹಾಕಿಕೊಂಡು ಒಂದೊಂದೇ ಸ್ವಿಚ್ಚು ಒತ್ತಿ ಕೇಳುತ್ತಾಳೆ: ಹಾರನ್ನಿನ ರಿಲೇ ದಪ್ಪ ದನಿಯದು, ವೈಪರಿನದು ಗೊಣಗುವ ಜಾತಿ, ಫ್ಯಾನಿನದು ಒಮ್ಮೆ ಟಕ್ ಎಂದರೆ ಮತ್ತೆ ತುಟಿ ಬಿಚ್ಚುವುದಿಲ್ಲ. ಆಮೇಲೆ ಬೆರಳ ತುದಿಯಿಂದ ರಿಲೇಗಳ ಬೆನ್ನು ಮುಟ್ಟಿ ನೋಡುತ್ತಾಳೆ. ಎಲ್ಲ ಆರಿಸಿದ ಮೇಲೂ ಒಂದರ ಬೆನ್ನು ಬೆಚ್ಚಗಿದ್ದರೆ ಅದು ಮಲಗಿದಂತೆ ನಟಿಸುತ್ತಿದೆ ಎಂದೇ ಅರ್ಥ. ಒಮ್ಮೆ ಒಬ್ಬ ವಕೀಲರ ಕಾರು ಬಂದಿತ್ತು. ಎಡಕ್ಕೆ ಸಿಗ್ನಲ್ ಹಾಕಿದರೆ ಮುಂದೆ ವೈಪರು ತಲೆಯಾಡಿಸುತ್ತಿತ್ತು. ಮೂರು ಕಡೆ ತೋರಿಸಿ ಸಾಕಾಗಿದ್ದರು. ಅವಳು ಡ್ಯಾಶ್‌ಬೋರ್ಡಿನಡಿ ಮೈ ಮಡಚಿಕೊಂಡು ಮಲಗಿ, ತುಕ್ಕು ಹಿಡಿದ ಒಂದು ಅರ್ಥಿಂಗ್ ಸ್ಕ್ರೂ ಬಿಚ್ಚಿ, ಉಜ್ಜಿ, ಬಿಗಿದು ಎದ್ದಳು. “ಇಷ್ಟೇನಾ?” ಎಂದರು ವಕೀಲರು. “ಅದಕ್ಕೆ ವಾಪಸ್ ಹೋಗೋ ದಾರಿ ಮುಚ್ಚಿತ್ತು ಸಾರ್. ಪಕ್ಕದ ಮನೆಯೊಳಗಿಂದ ನುಗ್ತಾ ಇತ್ತು,” ಎಂದಳು. ವಕೀಲರು ಆ ಮಾತನ್ನು ಹತ್ತು ಜನಕ್ಕೆ ಹೇಳಿ ಹತ್ತು ಗಿರಾಕಿಗಳನ್ನು ಕಳಿಸಿದರು.

ಹೀಗಿದ್ದವಳ ಕೈಗೆ ಬ್ರೆಡ್ಡಮ್ಮನ ಗಾಡಿ ಮಾತ್ರ ಸಿಕ್ಕಿರಲಿಲ್ಲ.

ಬ್ರೆಡ್ಡಮ್ಮ ಓಣಿಯ ಮೇಲ್ತುದಿಯವರು, ಐವತ್ತಾರರ ಗಟ್ಟಿ ಹೆಂಗಸು. ಮನೆಯ ಹಿಂದೆ ಇಟ್ಟಿಗೆಯ ಒಲೆ. ಊರು ಏಳುವ ಮೊದಲೇ ಬ್ರೆಡ್ಡು ಬೇಯುತ್ತದೆ. ಐದೂವರೆಗೆ ಆಸ್ಪತ್ರೆಯ ಕ್ಯಾಂಟೀನಿಗೆ ನಲವತ್ತು ಬ್ರೆಡ್ಡು ತಲುಪಬೇಕು. ಒಲೆಯ ಅರ್ಧ ದುಡಿಮೆ ಆ ನಲವತ್ತರಿಂದಲೇ. ಮರಳಿ ಬರುವಾಗ ಕರೆಂಟಕ್ಕನ ಕಿಟಕಿಯ ಮೇಲೊಂದು ಬ್ರೆಡ್ಡು ಇಟ್ಟು ಹೋಗುವುದು ಎಷ್ಟೋ ವರ್ಷಗಳ ರೂಢಿ. ಯಾರು ಯಾಕೆ ಶುರುಮಾಡಿದರೆಂದು ಇಬ್ಬರಿಗೂ ಮರೆತುಹೋಗಿತ್ತು.

ಎರಡು ತಿಂಗಳ ಹಿಂದೆ ಗಾಡಿಯ ಹಳೆಯ ಬ್ಯಾಟರಿ ಸತ್ತಿತು. ಅದಕ್ಕೆ ಐದು ವರ್ಷವಾಗಿತ್ತು, ಸಾಯಬೇಕಾದದ್ದೇ. ಅಣ್ಣ ಹೊಸದು ಹಾಕಿದ. ಆದರೂ ಹತ್ತು ದಿನದಲ್ಲಿ ಅದೂ ಕೈಕೊಟ್ಟಿತು; ಚಾರ್ಜ್ ಮಾಡಿದರೆ ಹತ್ತು ಹದಿನೈದು ದಿನ ಓಡುವುದು, ಮತ್ತೆ ಒಂದು ಬೆಳಿಗ್ಗೆ ಟಕಟಕ. ಎರಡನೇ ಸಲವಾದ ಮೇಲೆ ಕರೆಂಟಕ್ಕ ಗಾಡಿಯನ್ನು ಎರಡು ದಿನ ಗ್ಯಾರೇಜಿನಲ್ಲೇ ಇಟ್ಟುಕೊಂಡಳು. ಬ್ಯಾಟರಿಯ ಒಂದು ತುದಿಯ ತಂತಿ ಬಿಚ್ಚಿ ನಡುವೆ ಚಿಕ್ಕದೊಂದು ಬಲ್ಬು ಜೋಡಿಸಿದಳು. ಗಾಡಿಯೊಳಗೆ ಯಾವುದಾದರೂ ಕದ್ದು ಕರೆಂಟು ಕುಡಿಯುತ್ತಿದ್ದರೆ ಆ ಬಲ್ಬು ಉರಿಯುತ್ತದೆ. ಎಲ್ಲ ಮಲಗಿದ್ದರೆ ಆರಿರುತ್ತದೆ. ಎರಡು ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಬಲ್ಬು ಒಮ್ಮೆಯೂ ಉಸಿರಾಡಲಿಲ್ಲ. ರಿಲೇಗಳ ಬೆನ್ನು ಒಂದೊಂದಾಗಿ ಮುಟ್ಟಿದಳು. ಎಲ್ಲ ತಣ್ಣಗೆ.

ಮೂರನೇ ಸಲ ಗಾಡಿ ನಿಂತಾಗ ಗ್ಯಾರೇಜಿನಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಕರೆಂಟಕ್ಕನಿಗೆ ಸೋತ ಸಿಟ್ಟು ಮೂಗಿನ ತುದಿಯಲ್ಲಿತ್ತು. “ಗಾಡೀಲಿ ತಪ್ಪಿಲ್ಲ ಅಕ್ಕ,” ಎಂದುಬಿಟ್ಟಳು. “ನೀವೇ ಯಾವುದೋ ಲೈಟು ಆರಿಸೋದು ಮರೀತಿದ್ದೀರಿ. ವಯಸ್ಸಾಯ್ತಲ್ಲ, ಮರೆವು ಬರುತ್ತೆ.”

ಬ್ರೆಡ್ಡಮ್ಮ ಅಂಗೈಗೆ ಅಂಟಿದ್ದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಹೊರಟುಹೋದರು. ಮರುದಿನ ಕಿಟಕಿಯ ಮೇಲೆ ಬ್ರೆಡ್ಡಿರಲಿಲ್ಲ. ಅದರ ಮರುದಿನವೂ.

“ಅಂಗಡಿ ಬ್ರೆಡ್ಡು ಬಾಯಲ್ಲಿ ಹತ್ತಿಯ ಹಾಗಿದೆ,” ಎಂದ ಗಂಡ ಅಷ್ಟೇ. ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ.

ಈಗ ನಾಲ್ಕನೇ ಸಲ. ಅದೇ ದಿನ ಒಂಬತ್ತು ಗಂಟೆಗೆ ಬ್ರೆಡ್ಡಮ್ಮ ಗ್ಯಾರೇಜಿಗೆ ಬಂದರು. ಕರೆಂಟಕ್ಕ ಎರಡಡಿ ದೂರದಲ್ಲಿ ಒಂದು ಹೆಡ್‌ಲೈಟು ಬಿಚ್ಚುತ್ತ ಕುಳಿತಿದ್ದರೂ ಅಣ್ಣನನ್ನೇ ನೋಡುತ್ತ ಮಾತಾಡಿದರು.

“ಕ್ಯಾಂಟೀನಿನವನು ಇವತ್ತು ಗಡಿಯಾರ ತೋರಿಸಿದ ಕಣಪ್ಪ. ಇನ್ನೊಂದು ಸಲ ತಡವಾದ್ರೆ ಬರೋದೇ ಬೇಡ, ಬೇರೆಯವರನ್ನ ನೋಡ್ಕೋತೀನಿ ಅಂದ. ಅವನದೂ ತಪ್ಪಿಲ್ಲ. ರೋಗಿಗಳು ಹಸಿದು ಕೂತಿರ್ತಾರೆ.”

“ಬ್ಯಾಟರಿ ಚಾರ್ಜಿಗೆ ಹಾಕಿದ್ದೀನಿ ಅಕ್ಕ. ಮಧ್ಯಾಹ್ನ ತಂದು ಕೂರಿಸ್ತೀನಿ. ನಾಳೆ ಬೆಳಿಗ್ಗೆಗೆ ಏನೂ ಭಯ ಇಲ್ಲ.”

“ನಾಳೆಗಿಲ್ಲ. ನಾಡಿದ್ದಿಗೆ?”

ಬ್ರೆಡ್ಡಮ್ಮ ಹೋದ ಮೇಲೆ ಅಣ್ಣ ತಂಗಿಯ ಕಡೆ ತಿರುಗಿ, “ಏನು ಪುಟ್ಟಿ, ಕಿವಿಗೆ ಬೀಗ ಹಾಕ್ಕೊಂಡಿದ್ದೀಯಾ?” ಎಂದ.

“ಇಲ್ಲಿ ನಿಂತ್ಕೊಂಡು ಎಷ್ಟು ಕೇಳಿದ್ರೂ ಅಷ್ಟೇ ಅಣ್ಣ. ಇಲ್ಲಿ ಅದು ಒಳ್ಳೇ ಮಗುವಿನ ಹಾಗೆ ಮಲಗುತ್ತೆ. ಅದು ದಿನಾ ಮಲಗೋ ಜಾಗದಲ್ಲೇ ಹೋಗಿ ನೋಡ್ಬೇಕು.”

“ಅಂದ್ರೆ ಅವರ ಮನೆಗೇ ಹೋಗ್ತೀಯಾ? ಒಳಗೆ ಬಿಟ್ಕೋತಾರಾ?”

“ನಂಗೆ ಬೇಕಾಗಿರೋದು ಗಾಡಿ. ಗಾಡಿ ಹೊರಗಿರುತ್ತಲ್ಲ.”

ಮರುದಿನ ನಸುಕಿಗೆ, ಕೋಳಿ ಕೂಗುವ ಹೊತ್ತಿಗೆ, ಅವಳು ಟಾರ್ಚು, ಬಲ್ಬು, ಒಂದು ಸ್ಕ್ರೂ ಡ್ರೈವರ್ ಜೇಬಿಗೆ ತುರುಕಿಕೊಂಡು ಓಣಿ ಹತ್ತಿದಳು. ಚಳಿಯಿತ್ತು. ಕಲ್ಲುಹಾಸಿನ ಆ ಓಣಿ ಎಷ್ಟು ಕಡಿದೆಂದರೆ ಅರ್ಧಕ್ಕೇ ತೊಡೆ ಬಿಗಿಯಿತು. ಮೇಲೆ ಗೋಡೆಯ ಪಕ್ಕ ಗಾಡಿ ಮೂತಿ ಕೆಳಗೆ ಮಾಡಿ, ಹಿಂಬದಿ ಎತ್ತಿಕೊಂಡು ನಿಂತಿತ್ತು, ಚಕ್ರದ ಮುಂದೆ ಅಡ್ಡಕ್ಕೆ ಒಂದು ಕಲ್ಲು. ಇಡೀ ಮೈಮೇಲೆ ಇಬ್ಬನಿ. ಹಿಂದೆ ಡಿಕ್ಕಿಯ ಮುಚ್ಚಳದ ಮೇಲೆ ಬ್ರೆಡ್ಡಮ್ಮನ ದಪ್ಪ ಕಂದು ಬೆಕ್ಕು ಮೈ ಚೆಂಡು ಮಾಡಿ ಮಲಗಿತ್ತು. ಹಿತ್ತಲಿನಿಂದ ಬೆಂದ ಹಿಟ್ಟಿನ ವಾಸನೆ ಬಂದು ಅವಳ ಹೊಟ್ಟೆ ಚುರುಗುಟ್ಟಿತು.

“ಯಾರದು?”

ಬ್ರೆಡ್ಡಮ್ಮ ಟ್ರೇ ಹಿಡಿದು ಬಾಗಿಲಲ್ಲಿದ್ದರು.

“ನಾನು ಅಕ್ಕ. ಬಾನೆಟ್ ತೆಗೀರಿ ಸ್ವಲ್ಪ.”

“ಯಾಕೆ? ನಾನು ಲೈಟು ಆರಿಸಿದ್ದೀನೋ ಇಲ್ಲವೋ ನೋಡೋಕೆ ಬಂದ್ಯಾ?”

ಕರೆಂಟಕ್ಕ ತುಟಿ ಕಚ್ಚಿಕೊಂಡಳು. “ಹದಿನೈದು ನಿಮಿಷ ಕೊಡಿ. ನಿಮ್ಮ ಹೊತ್ತು ತಪ್ಪಿಸಲ್ಲ.”

ಬ್ರೆಡ್ಡಮ್ಮ ಬೀಗದ ಕೈ ಕೊಟ್ಟರು. ಕೈಗಿಡಲಿಲ್ಲ, ಬಾನೆಟ್ಟಿನ ಮೇಲಿಟ್ಟರು. ಅವಳು ಬ್ಯಾಟರಿಯ ತಂತಿ ಬಿಚ್ಚಿ ಬಲ್ಬು ಜೋಡಿಸಿ, ಬಾಗಿಲುಗಳನ್ನೆಲ್ಲ ಮುಚ್ಚಿ ನೋಡಿದಳು.

ಬಲ್ಬು ಉರಿಯುತ್ತಿತ್ತು. ಮಂಕಾಗಿ, ಕೆಂಪಗೆ, ಕದ್ದು ಬೀಡಿ ಸೇದುವವನ ಬೆಂಕಿಯ ಹಾಗೆ.

ಕರೆಂಟಕ್ಕ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತಳು. ಹಾರನ್ನಿನದು ಕಿತ್ತರೂ ಬಲ್ಬು ಉರಿಯಿತು. ರೇಡಿಯೋದು ಕಿತ್ತರೂ. ಒಳದೀಪಗಳದು ಕಿತ್ತಾಗ ಆರಿತು. ಮತ್ತೆ ಹಾಕಿದಳು, ಉರಿಯಿತು. ಗಾಜಿಗೆ ಮೂಗು ಒತ್ತಿ ಒಳಗೆ ಇಣುಕಿದಳು: ಚಾವಣಿಯ ದೀಪ ಆರಿದೆ, ಬಾಗಿಲಿನವು ಆರಿವೆ, ಎಲ್ಲ ಕಡೆ ಕತ್ತಲೆ. ಹಾಗಾದರೆ ಒಳಗೆ ಎಚ್ಚರವಿರುವುದು ಯಾವುದು?

ಡಿಕ್ಕಿಯ ದೀಪ ಒಂದು ಉಳಿದಿತ್ತು. ಅದನ್ನು ಗ್ಯಾರೇಜಿನಲ್ಲೇ ನೋಡಿಯಾಗಿತ್ತು. ಮುಚ್ಚಳ ಎತ್ತಿದರೆ ಹತ್ತುತ್ತದೆ, ಮುಚ್ಚಿದರೆ ಆರುತ್ತದೆ. ಆದರೂ ಇನ್ನೊಮ್ಮೆ ನೋಡೋಣವೆಂದು ಬೆಕ್ಕನ್ನು ಎತ್ತಿ ಗೋಡೆಯ ಮೇಲಿಟ್ಟಳು. ಅವಳು ಬೀಗಕ್ಕೆ ಕೈ ಹಾಕುವುದರೊಳಗೆ ಬೆಕ್ಕು ಜಿಗಿದು ಬಂದು, ಎರಡು ಸುತ್ತು ತಿರುಗಿ, ಅಂಗುಲ ಆಚೀಚೆಯಾಗದೆ ಅದೇ ಜಾಗದಲ್ಲಿ ಕುಳಿತಿತು.

“ಅವನಿಗೆ ಅಲ್ಲೇ ಆಗ್ಬೇಕು,” ಎಂದರು ಬ್ರೆಡ್ಡಮ್ಮ. “ಮೊದಲು ಬಾನೆಟ್ ಮೇಲೆ ಮಲಗ್ತಿದ್ದ. ಎರಡು ತಿಂಗಳಾಯ್ತು ಜಾಗ ಬದಲಾಯಿಸಿ.”

ಕರೆಂಟಕ್ಕನ ಕೈ ತಾನಾಗಿಯೇ ಬೆಕ್ಕಿನ ಹೊಟ್ಟೆಯಡಿಗೆ ಹೋಯಿತು, ರಿಲೇಯ ಬೆನ್ನು ಮುಟ್ಟುವ ಹಾಗೆ. ಬೆಚ್ಚಗಿತ್ತು. ಬೆಕ್ಕಿನ ಮೈಯ ಬಿಸಿಯಿರಬಹುದು ಎಂದುಕೊಂಡು ಅದನ್ನು ಎತ್ತಿ ಬ್ರೆಡ್ಡಮ್ಮನ ತೋಳಿಗೆ ಕೊಟ್ಟು, ತಗಡಿನ ಮೇಲೆ ಅಂಗೈಯಿಟ್ಟು ಮನಸ್ಸಿನಲ್ಲೇ ನೂರು ಎಣಿಸಿದಳು. ಸುತ್ತಲ ತಗಡು ಮಂಜುಗಡ್ಡೆಯಂತಿದ್ದರೂ ಅಂಗೈಯಗಲದ ಆ ಜಾಗ ಬೆಚ್ಚಗೇ ಇತ್ತು.

ಡಿಕ್ಕಿ ತೆಗೆದು, ಮುಚ್ಚಳದ ಒಳಮೈಗೆ ಕೂರಿಸಿದ್ದ ದೀಪಕ್ಕೆ ಬೆರಳು ತಾಗಿಸಿದಳು, ಬೆರಳು ಸುಟ್ಟಿತು. ಸ್ಕ್ರೂ ಬಿಚ್ಚಿ, ತಂತಿಯ ಸಮೇತ ದೀಪವನ್ನು ಅಂಗೈಗೆ ತಂದುಕೊಂಡಳು. ಹಿಂದೆ ಬೆರಳ ಉಗುರಿನಷ್ಟು ದೊಡ್ಡ ಗಾಜಿನ ಕೊಳವೆ, ಅದರೊಳಗೆ ಒಂದು ಹನಿ ಪಾದರಸ. ಅಂಗೈ ಸಮವಾಗಿ ಹಿಡಿದಳು: ದೀಪ ಆರಿತು. ಒಂದು ಕಡೆ ಎತ್ತಿದಳು: ಪಾದರಸ ಉರುಳಿ ಕೆಳತುದಿಯ ಎರಡು ತಂತಿಗಳನ್ನು ಕೂಡಿಸಿತು, ದೀಪ ಹತ್ತಿತು. ಮುಚ್ಚಳ ಎತ್ತಿದಾಗ ಬೆಳಕಾಗಲೆಂದು ಮಾಡಿದ ಏರ್ಪಾಡು. ಈಗ ಅಂಗೈಯನ್ನು ಓಣಿಯ ಇಳಿಜಾರಿನಷ್ಟೇ ವಾಲಿಸಿದಳು.

ದೀಪ ಹತ್ತಿಯೇ ಇತ್ತು.

“ನೋಡಿ ಅಕ್ಕ. ಹಿಂಬದಿ ಎತ್ತರದಲ್ಲಿದ್ರೆ ಇದಕ್ಕೆ ಡಿಕ್ಕಿ ತೆಗೆದ ಹಾಗೇ ಅನಿಸುತ್ತೆ. ಮುಚ್ಚಿದ ಮೇಲೂ ಒಳಗೆ ಬೆಳಗಿನವರೆಗೂ ಉರೀತಾ ಇತ್ತು. ಗ್ಯಾರೇಜಿನ ನೆಲ ಸಮ, ಅದಕ್ಕೆ ಅಲ್ಲಿ ಸಿಗಲಿಲ್ಲ.”

ಬ್ರೆಡ್ಡಮ್ಮ ಬೆಕ್ಕನ್ನು ಎದೆಗೊತ್ತಿಕೊಂಡು ಅವಳ ಅಂಗೈಯನ್ನೇ ನೋಡಿದರು. “ಅಂದ್ರೆ ನಾನು ಲೈಟು ಆರಿಸಿದ್ದೆ.”

“ಆರಿಸಿದ್ರಿ.”

“ಮೂತಿ ಕೆಳಗೆ ಮಾಡಿ ನಿಲ್ಲಿಸಿದ್ದಕ್ಕೆ ಇಷ್ಟೆಲ್ಲ?”

ಕರೆಂಟಕ್ಕ ಬಾಯಿ ತೆರೆದಳು. ಒಳಗಿನಿಂದ ಗಡಿಯಾರ ಐದು ಹೊಡೆಯಿತು. ಬ್ರೆಡ್ಡಮ್ಮ ಬೆಕ್ಕನ್ನು ಕೆಳಗೆ ಬಿಟ್ಟು ಟ್ರೇಗಳ ಕಡೆ ಓಡಿದರು. ಅವಳು ಡಿಕ್ಕಿಯ ದೀಪದ ತಂತಿ ಕಳಚಿ ಮುಚ್ಚಳ ಹಾಕಿ, ತನ್ನ ಬಲ್ಬು ಕಿತ್ತು ಜೇಬಿಗೆ ಹಾಕಿಕೊಂಡು ಬ್ಯಾಟರಿಯ ತಂತಿ ಬಿಗಿದಳು. ಗಾಡಿ ಒಂದೇ ಸಲಕ್ಕೆ ಎದ್ದು ಹೊರಟಿತು. ಅವಳು ತೆರೆದ ಬಾಯಿ ಮುಚ್ಚಿಕೊಂಡು ಓಣಿ ಇಳಿದಳು.

ಗಂಡ ಹಾಲು ಕಾಯಿಸುತ್ತಿದ್ದ. “ಸಿಕ್ತಾ?”

“ಸಿಕ್ತು.”

“ಮತ್ತೆ ಮುಖ ಯಾಕೆ ಹೀಗೆ?”

ಅವಳು ಒಲೆಯ ಪಕ್ಕದ ಮಣೆಯ ಮೇಲೆ ಕುಳಿತಳು. “ಎರಡು ತಿಂಗಳ ಹಿಂದೆ ಹಳೇ ಬ್ಯಾಟರಿ ಸತ್ತಾಗ ಅಕ್ಕ ತುಂಬಾ ಹೆದರಿದ್ರು ಕಣ್ರೀ. ಆಗ ನಾನೇ ಹೇಳಿದ್ದು. ಇನ್ಮೇಲೆ ಮೂತಿ ಕೆಳಗೆ ಮಾಡಿ ನಿಲ್ಲಿಸಿ ಅಕ್ಕ, ಸ್ಟಾರ್ಟ್ ಆಗ್ದಿದ್ರೂ ಉರುಳಿಸ್ಕೊಂಡು ಹೋಗ್ಬಹುದು ಅಂತ. ಅದಕ್ಕೆ ಮುಂಚೆ ಅವರು ಮೂತಿ ಮೇಲೆ ಮಾಡಿ ನಿಲ್ಲಿಸ್ತಿದ್ರು.”

ಹಾಲು ಉಕ್ಕಿತು. ಗಂಡ ನಗು ತಡೆಯಲು ನೋಡಿ ಸೋತ. “ಅಂದ್ರೆ ಗಾಡಿ ನಿಲ್ಲದಿರಲಿ ಅಂತ ನೀನು ಹೇಳಿದ ಉಪಾಯದಿಂದಲೇ ಗಾಡಿ ನಿಲ್ತಾ ಇತ್ತು. ಆಮೇಲೆ ಅವರಿಗೇ ಮರೆವು ಅಂದೆ.”

“ನಗಬೇಡಿ.”

“ಇಲ್ಲ ಇಲ್ಲ. ಒಂದು ಸಲ ಒಬ್ಬರ ಅಂಗಿಗೆ ಎರಡೂ ತೋಳು ಎಡಗೈದೇ ಹೊಲಿದು, ನಿಮ್ಮ ಕೈಯೇ ಸರಿಯಿಲ್ಲ ಅಂದಿದ್ದೆ ನಾನು.” ಲೋಟ ಅವಳ ಕೈಗಿಟ್ಟ. “ಹೋಗಿ ಹೇಳು. ಪೂರ್ತಿ ಹೇಳು. ಅರ್ಧಕ್ಕೆ ಎದ್ದು ಬರಬೇಡ.”

ಹೇಳುವುದು ಅಷ್ಟು ಸುಲಭವಿರಲಿಲ್ಲ. ಮೊದಲು ಗಾಡಿ ನಿಜವಾಗಿ ಸರಿಯಾಗಿದೆಯೆಂದು ತಿಳಿಯಲಿ ಎಂದು ತನಗೆ ತಾನೇ ನೆಪ ಹೇಳಿಕೊಂಡಳು. ದಿನವೂ ಐದಕ್ಕೆ ಮೊದಲೇ ಎಚ್ಚರವಾಗಿ, ಹೊದಿಕೆಯೊಳಗೆ ಉಸಿರು ಬಿಗಿಹಿಡಿದು ಕಾದಳು. ಮೇಲಿನಿಂದ ಬಾಗಿಲು ಮುಚ್ಚಿದ ಸದ್ದು, ಆಮೇಲೆ ಒಂದು ಟಕ್. ಒಂದೇ ಒಂದು. ಅದರ ಬೆನ್ನಿಗೇ ಎಂಜಿನ್ನಿನ ಗುರ್. ಎರಡನೇ ದಿನವೂ ಹಾಗೇ. ಮೂರನೇ ದಿನ, ನಾಲ್ಕನೇ ದಿನ. ಗಾಡಿ ಇಳಿದು ಹೋದ ಮೇಲೆ ಓಣಿಯಲ್ಲಿ ಉಳಿಯುವ ಆ ಶಾಂತಿಯಷ್ಟು ಹಿತವಾದದ್ದನ್ನು ಅವಳು ಇತ್ತೀಚೆಗೆ ಕೇಳಿರಲಿಲ್ಲ. ಆದರೂ ಕಿಟಕಿಯ ಮೇಲೆ ಬ್ರೆಡ್ಡು ಬರಲಿಲ್ಲ.

ಆರನೇ ದಿನ ಅವಳು ಗೇಟಿನ ಹೊರಗೆ ನಿಂತಳು. ಕ್ಯಾಂಟೀನಿನಿಂದ ಮರಳಿ ಬರುವ ಗಾಡಿ ದೂರದಿಂದಲೇ ವೇಗ ತಗ್ಗಿಸಿತು. ಓಣಿಗೆ ಹೊರಳಲು ಎಡ ಸಿಗ್ನಲ್ ಹಾಕಿದ ಬ್ರೆಡ್ಡಮ್ಮ, ಅವಳನ್ನು ಕಂಡು ಅಲ್ಲೇ ನಿಲ್ಲಿಸಿ ಕಿಟಕಿಯ ಗಾಜು ಇಳಿಸಿದರು.

“ಏನು ಕರೆಂಟಕ್ಕ, ಬೆಳಬೆಳಿಗ್ಗೆ ಗೇಟಿಗೆ ಕಾವಲು?”

“ಕ್ಯಾಂಟೀನಿನವನು ಏನಂದ ಅಕ್ಕ?”

“ಇವತ್ತು ಅವನು ಗಡಿಯಾರ ನೋಡ್ಲೇ ಇಲ್ಲ. ಬ್ರೆಡ್ಡು ನೋಡ್ದ. ನಾಳೆಯಿಂದ ಐವತ್ತು ತನ್ನಿ ಅಂದ.” ಬ್ರೆಡ್ಡಮ್ಮನ ಮುಖದಲ್ಲಿ ಒಲೆಯ ಬೆಳಕಿನಂಥದ್ದು ಸುಳಿಯಿತು. ಮರುಗಳಿಗೆ ಗಂಭೀರರಾದರು. “ಹೇಳು. ಐದು ದಿನದಿಂದ ಏನೋ ನುಂಗ್ತಾ ಇದ್ದೀಯ. ಕಿಟಕಿ ಪರದೆ ಹಿಂದೆ ಕಾಣುತ್ತೆ ನಂಗೆ.”

ಅವಳು ಗಾಡಿಯ ಬಾಗಿಲಿಗೆ ಎರಡೂ ಕೈ ಆನಿಸಿದಳು. “ಮೂತಿ ಕೆಳಗೆ ಮಾಡಿ ನಿಲ್ಲಿಸಿ ಅಂತ ನಿಮಗೆ ಹೇಳಿದ್ದು ನಾನೇ.”

“ಗೊತ್ತು ಕಣೇ. ನಂಗೆ ಮರೆವಿಲ್ಲ.”

ಕರೆಂಟಕ್ಕನ ಕಿವಿಯವರೆಗೂ ಬಿಸಿಯೇರಿತು.

“ಅವತ್ತೇ ನೆನಪಾಯ್ತು,” ಎಂದರು ಬ್ರೆಡ್ಡಮ್ಮ. “ನೀನಾಗೇ ಹೇಳ್ತೀಯೋ ಇಲ್ವೋ ನೋಡೋಣ ಅಂತ ಸುಮ್ನಿದ್ದೆ. ಇನ್ನೂ ತಡ ಮಾಡಿದ್ರೆ ಬೆಕ್ಕನ್ನೇ ನಿಮ್ಮಣ್ಣನ ಹತ್ರ ಕೆಲಸಕ್ಕೆ ಸೇರಿಸ್ತಿದ್ದೆ. ಅವನಿಗಾದ್ರೂ ಬೇಗ ಸಿಕ್ತು.” ಪಕ್ಕದ ಸೀಟಿನಿಂದ ಕಾಗದದಲ್ಲಿ ಸುತ್ತಿದ ಬ್ರೆಡ್ಡೊಂದನ್ನು ಎತ್ತಿ ಅವಳ ಕೈಗಿಟ್ಟರು. ಇನ್ನೂ ಬೆಚ್ಚಗಿತ್ತು. “ಆ ಬೆಕ್ಕು ಈಗ ಮುನಿಸ್ಕೊಂಡು ಒಲೆ ಹತ್ರ ಮಲಗುತ್ತೆ.”

ಹೊಲಿಗೆ ಯಂತ್ರದ ಸದ್ದು ನಿಂತಿತ್ತು. ಮುಂದಿನ ಕೋಣೆಯ ಕಿಟಕಿಯಲ್ಲಿ ಗಂಡ ಸೂಜಿಗೆ ದಾರ ಪೋಣಿಸುವವನಂತೆ ನಿಂತು, ದಾರ ಪೋಣಿಸದೆ ಇತ್ತಲೇ ನೋಡುತ್ತಿದ್ದ. ಪೂರ್ತಿ ಹೇಳಬೇಕು ಎಂದುಕೊಂಡಳು ಅವಳು. ಇನ್ನೂ ಒಂದು ಮಾತು ಬಾಕಿಯಿತ್ತು, ಎಲ್ಲಕ್ಕಿಂತ ಕಷ್ಟದ್ದು. ಬ್ರೆಡ್ಡನ್ನು ಎದೆಗೊತ್ತಿಕೊಂಡು ಗಂಟಲು ಸರಿಮಾಡಿಕೊಂಡಳು.

“ಅದಲ್ಲ ಅಕ್ಕ. ಅವತ್ತು ನಾಲ್ಕು ಜನರ ಎದುರಿಗೆ ನಾನು ನಿಮಗೆ...”

ಗಾಡಿಯೊಳಗೆ ಎಡ ಸಿಗ್ನಲ್ ಇನ್ನೂ ಹಾಕಿಯೇ ಇತ್ತು. ಟಿಕ್‌ಟಿಕ್, ಟಿಕ್‌ಟಿಕ್. ಅದರ ದನಿ ಸರಿಯಿರಲಿಲ್ಲ. ಎರಡರಷ್ಟು ಅವಸರದಲ್ಲಿತ್ತು, ಒಂದು ಕಡೆಯ ಬಲ್ಬು ಸತ್ತಾಗ ಬಡಿದುಕೊಳ್ಳುವ ಹಾಗೆ.

“...ಹಾಗೆ ಅನ್ನಬಾರದಿತ್ತು, ನನ್ನ ಸಿಟ್ಟು ನನ್ನ ಮೇಲಿತ್ತು, ಅದನ್ನ ನಿಮ್ಮ ಮೇಲೆ ಯಾಕೆ ಹಾಕಿದೆ ಅಂದ್ರೆ...” ಎನ್ನುತ್ತಲೇ ಅವಳು, ಬ್ರೆಡ್ಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಜೇಬಿನಲ್ಲಿ ಸ್ಕ್ರೂ ಡ್ರೈವರ್ ತಡಕುತ್ತ, ಗಾಡಿಯ ಹಿಂಬದಿಗೆ ನಡೆದುಬಿಟ್ಟಳು.